ವಿಮಾ ಕಂಪನಿಯ ವಕೀಲರು

ಕೋರದ ಬಳಿ ಹೆದ್ದಾರಿಯಲ್ಲಿ ಲಾರಿ ಬಡಿದು ಮನೆಯ ಯಜಮಾನನು ಅಸುನೀಗಿದರೆ, ಪರಿಹಾರದ ಅರ್ಜಿ ಸಾಮಾನ್ಯವಾಗಿ ತುಮಕೂರಿನ ಮೋಟಾರು ಅಪಘಾತ ನ್ಯಾಯಮಂಡಳಿಗೆ ಬರುತ್ತದೆ. ಅಲ್ಲಿ ವಿಧವೆಯ ಎದುರು ನಿಲ್ಲುವವರು ವಿಮಾ ಕಂಪನಿಯ ವಕೀಲರು. ಕಾನೂನು ಪದವಿ, ವಕೀಲರ ಪರಿಷತ್ತಿನ ಸನ್ನದು, ಹಿರಿಯರ ಕೈಕೆಳಗೆ ಸಿವಿಲ್ ದಾವೆಗಳಲ್ಲಿ ಪಳಗಿದ ವರ್ಷಗಳು, ಇವೇ ಅವರ ಬಂಡವಾಳ. ನೊಂದವರ ಕಣ್ಣಿಗೆ ಅವರು ನಿಷ್ಕರುಣಿಗಳಾಗಿ ತೋರುವುದು ಸಹಜ. ಆದರೆ ಅವರು ಶೋಧಿಸುವುದು ಕಾಗದಪತ್ರಗಳನ್ನು: ಪಾಲಿಸಿ ಚಾಲ್ತಿಯಲ್ಲಿತ್ತೆ? ಚಾಲಕನಿಗೆ ಲೈಸೆನ್ಸ್ ಇತ್ತೆ?

ಲೈಸೆನ್ಸಿಲ್ಲದವನಿಗೆ ಮಾಲೀಕನು ಅರಿತೇ ವಾಹನ ಕೊಟ್ಟನೆಂದು ಅವರು ಸಾಧಿಸಿದರೂ ಆ ಮನೆಯ ಒಲೆ ಆರಬೇಕಾಗಿಲ್ಲ. 2004ರ ಸ್ವರಣ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ತೋರಿದ ದಾರಿಯಂತೆ, ಕಂಪನಿಯು ಮೊದಲು ಪರಿಹಾರ ತೆತ್ತು, ಅನಂತರ ಮಾಲೀಕನಿಂದ ವಸೂಲು ಮಾಡಿಕೊಳ್ಳುವಂತೆ ನ್ಯಾಯಮಂಡಳಿ ಆದೇಶಿಸಬಹುದು.

ಲೈಸೆನ್ಸಿಲ್ಲದ ಮಗನ ಕೈಗೆ ಸ್ಕೂಟರಿನ ಬೀಗದ ಕೈ ಕೊಡುವ ತಂದೆ ಇದನ್ನು ನೆನೆಯುವುದು ಒಳಿತು. ಆ ವಕೀಲರ ಮುಂದಿನ ನೋಟೀಸು ಅವನ ಮನೆಗೇ ಬಂದೀತು.