ಮುಚ್ಚಿದ್ದು ಯಾಕೆ ಎಂದು ಕೇಳುವವರು ಯಾರು?

2020ರ ಜೂನ್ 6. ಲಾಕ್‌ಡೌನ್ ಸಡಿಲಾಗಿ ಜನ ಮತ್ತೆ ಕೆಲಸದ ಮುಖ ನೋಡುತ್ತಿದ್ದ ದಿನಗಳು. ಶ್ರೀರಂಗಪಟ್ಟಣದಲ್ಲಿ ಗೋಕಲ್‌ದಾಸ್ ಎಕ್ಸ್‌ಪೋರ್ಟ್ಸ್ ಕಂಪನಿಗೆ ಸೇರಿದ ಯುರೋ ಕ್ಲೋದಿಂಗ್ ಗಾರ್ಮೆಂಟ್ಸ್‌ನಿಂದ ಹೊಲಿಗೆ ಯಂತ್ರಗಳನ್ನು ಹೊರಗೆ ಸಾಗಿಸುತ್ತಿರುವುದು ಕಾರ್ಮಿಕರಿಗೆ ಗೊತ್ತಾಯಿತು. 1,200ಕ್ಕೂ ಹೆಚ್ಚು ಮಂದಿಗೆ ಲೇ-ಆಫ್. ಅವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಕಾರ್ಖಾನೆ ಬಿಟ್ಟು ಕದಲುವುದಿಲ್ಲ ಎಂದು ಅವರು ವಾರಗಟ್ಟಲೆ ಅಲ್ಲೇ ಕೂತರು.

ಆರ್ಡರ್ ಇಲ್ಲ ಎಂದಿತು ಕಂಪನಿ. ಇಪ್ಪತ್ತಕ್ಕೂ ಹೆಚ್ಚು ಕಾರ್ಖಾನೆಗಳಿರುವ ಕಂಪನಿ ನಮ್ಮ ಸಂಘ ಬಲವಾಗಿದ್ದ ಇದನ್ನೇ ಆರಿಸಿ ಮುಚ್ಚಿದೆ ಎಂದಿತು ಗಾರ್ಮೆಂಟ್ ಅಂಡ್ ಟೆಕ್ಸ್‌ಟೈಲ್ ವರ್ಕರ್ಸ್ ಯೂನಿಯನ್. ಆ ವರ್ಷ ಜಗತ್ತಿನ ಹಲವು ದೊಡ್ಡ ಬ್ರ್ಯಾಂಡ್‌ಗಳು ಆರ್ಡರ್ ಕೈಬಿಟ್ಟಿದ್ದು ನಿಜ. ಆದರೆ ಇಪ್ಪತ್ತರಲ್ಲಿ ಯಾವುದಕ್ಕೆ ಬೀಗ ಬೀಳಬೇಕು ಎಂಬುದನ್ನು ಬ್ರ್ಯಾಂಡ್ ತೀರ್ಮಾನಿಸುವುದಿಲ್ಲ, ಮಾಲೀಕ ತೀರ್ಮಾನಿಸುತ್ತಾನೆ. ನನ್ನ ತಕರಾರು ಇರುವುದು ಅಲ್ಲಿ.

ರಾಯಚೂರು ಜಿಲ್ಲೆಯ ಗಬ್ಬೂರಿನಲ್ಲಿ ಕೂತು ಶ್ರೀರಂಗಪಟ್ಟಣದ ಮಾತು ಯಾಕೆ ಎಂದು ಕೇಳುವವರು ಹತ್ತಿ ಬಿಡಿಸುವ ಕೆಲಸ ಮುಗಿದ ಮೇಲೆ ಒಮ್ಮೆ ಇಲ್ಲಿನ ಬಸ್ ನಿಲ್ದಾಣಕ್ಕೆ ಬರಬೇಕು. ಹಾಸಿಗೆ ಸುತ್ತಿಕೊಂಡು, ಜೋಳದ ಹಿಟ್ಟಿನ ಚೀಲ ಕಟ್ಟಿಕೊಂಡು, ಕೂಸುಗಳನ್ನು ಬಗಲಿಗೇರಿಸಿಕೊಂಡು ದೇವದುರ್ಗ, ಮಾನ್ವಿ ಕಡೆಯ ಮಂದಿ ಬೆಂಗಳೂರಿಗೆ ಗುಳೆ ಹೊರಡುತ್ತಾರೆ. ಕಟ್ಟಡ ಕೆಲಸವೋ ಗಾರ್ಮೆಂಟ್ಸೋ, ಎಲ್ಲಿ ಕೂಲಿ ಸಿಕ್ಕಿತೋ ಅಲ್ಲಿ. ನಮ್ಮ ಎರಿ ಹೊಲದ ಹತ್ತಿ ಜಿನ್ನಿಂಗ್ ಮಿಲ್ಲು ದಾಟಿ, ನೂಲಾಗಿ ಬಟ್ಟೆಯಾಗಿ ಹೋಗುವ ದಾರಿಯಲ್ಲೇ ನಮ್ಮ ಮಕ್ಕಳೂ ಹೋಗುತ್ತಾರೆ.

ಕಾನೂನು ಏನು ಹೇಳುತ್ತಿತ್ತು? 1947ರ ಕೈಗಾರಿಕಾ ವಿವಾದ ಕಾಯ್ದೆಯ 25-ಓ ಕಲಮಿನ ಪ್ರಕಾರ ನೂರು ಅಥವಾ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆ ಮುಚ್ಚಬೇಕೆಂದರೆ 90 ದಿನ ಮೊದಲೇ ಸರ್ಕಾರಕ್ಕೆ ಅರ್ಜಿ ಹಾಕಿ, ಕಾರಣ ಹೇಳಿ, ಅನುಮತಿ ಪಡೆಯಬೇಕಿತ್ತು. ಅರ್ಜಿಯ ಪ್ರತಿ ಕಾರ್ಮಿಕರ ಪ್ರತಿನಿಧಿಗಳಿಗೂ ಹೋಗಬೇಕಿತ್ತು. ಲೇ-ಆಫ್‌ಗೂ ಬಹುಮಟ್ಟಿಗೆ ಹೀಗೇ ಅನುಮತಿ ಬೇಕಿತ್ತು. ಅಧಿಕಾರಿಯ ಮುಂದೆ ನಿಂತು 'ಸ್ವಾಮಿ, ಕಾರಣ ಇದಲ್ಲ' ಎನ್ನಲು ಕಾರ್ಮಿಕರಿಗೆ ಒಂದು ಅವಕಾಶವಾದರೂ ಇತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಆ ನೂರನ್ನು ಮುನ್ನೂರು ಮಾಡಿತು. ಮುನ್ನೂರು ಮಂದಿಯ ಹಾಜರಿ ಪುಸ್ತಕ ಇರುವ ಜಿನ್ನಿಂಗ್ ಮಿಲ್ಲನ್ನೋ ಅಕ್ಕಿ ಗಿರಣಿಯನ್ನೋ ನಮ್ಮ ಭಾಗದಲ್ಲಿ ದೀಪ ಹಿಡಿದು ಹುಡುಕಬೇಕು.

ಸಂಖ್ಯೆಗಿಂತಲೂ ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು. ಹಳೆಯ ಕಾಯ್ದೆಯ ಐದನೇ ಪರಿಶಿಷ್ಟದಲ್ಲಿ ಅನುಚಿತ ಕಾರ್ಮಿಕ ಪದ್ಧತಿಗಳ ಪಟ್ಟಿ ಇತ್ತು. ಹೊಸ ಸಂಹಿತೆಯೂ ಅದನ್ನೇ ಎತ್ತಿಕೊಂಡಿದೆ. ಸಂಘ ಕಟ್ಟಿದರೆ ಕಾರ್ಖಾನೆ ಮುಚ್ಚುತ್ತೇನೆ ಎಂದು ಮಾಲೀಕ ಬೆದರಿಸುವುದು ಆ ಪಟ್ಟಿಯಲ್ಲಿ ತಪ್ಪು. ಬೆದರಿಸದೆ ಸುಮ್ಮನೆ ಮುಚ್ಚಿಯೇಬಿಟ್ಟರೆ? ಅದರ ಹೆಸರೇ ಅಲ್ಲಿಲ್ಲ. ಮುಷ್ಕರ ಮುರಿಯಲಿಕ್ಕೆ ಕಾಯಂ ಕೆಲಸವನ್ನು ಗುತ್ತಿಗೆದಾರನಿಗೆ ಕೊಡುವುದು ತಪ್ಪು. ಮುಷ್ಕರವೇ ಇಲ್ಲದಾಗ, ಸಂಘದ ಬೇರು ಒಣಗಲಿ ಎಂದು ಕೊಟ್ಟರೆ ಅದೂ ಈ ಪಟ್ಟಿಗೆ ಸಿಗುವುದಿಲ್ಲ. ಬಾಯಿಗೆ ಶಿಕ್ಷೆ ಇಟ್ಟು ಕೈಯನ್ನು ಬಿಟ್ಟುಬಿಟ್ಟ ಕಾನೂನು ಇದು.

ಗುತ್ತಿಗೆಯ ವಿದ್ಯೆ ನಮಗೇನೂ ಹೊಸದಲ್ಲ. ಟೆಂಡರ್ ಮುಗಿದಾಗ ಗುತ್ತಿಗೆದಾರ ಬದಲಾಗುತ್ತಾನೆ. ಅದೇ ಯಂತ್ರದ ಮುಂದೆ ಅದೇ ಕೆಲಸಗಾರ ಹೊಸ ಗೇಟ್ ಪಾಸಿಗಾಗಿ ಕೈಕಟ್ಟಿ ನಿಲ್ಲುತ್ತಾನೆ. ಪಿಎಫ್ ಯಾಕೆ ಕಟ್ಟಿಲ್ಲ ಎಂದು ಕೇಳಿದವನ ಹೆಸರು ಹೊಸ ಪಟ್ಟಿಯಿಂದ ಬಿಟ್ಟುಹೋದರೆ ಅವನನ್ನು ಯಾರೂ ವಜಾ ಮಾಡಿದಂತಾಗುವುದಿಲ್ಲ, ಯಾಕೆಂದರೆ ಹೊಸಬನ ಲೆಕ್ಕದಲ್ಲಿ ಅವನು ಕೆಲಸಕ್ಕೆ ಸೇರಿಯೇ ಇರಲಿಲ್ಲ. ಗುತ್ತಿಗೆ ಪದ್ಧತಿ ನಿಷೇಧವಾದರೂ ಗುತ್ತಿಗೆ ಕಾರ್ಮಿಕರು ತಾನಾಗಿ ಕಾಯಂ ಆಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2001ರಲ್ಲಿ ಉಕ್ಕು ಪ್ರಾಧಿಕಾರದ ಪ್ರಕರಣದಲ್ಲಿ ಹೇಳಿದ ಮೇಲಂತೂ ಇಂಥವರ ದಾರಿ ಇನ್ನಷ್ಟು ಉದ್ದವಾಯಿತು.

ಮಾಲೀಕನ ಉದ್ದೇಶವನ್ನು ಅಳೆಯುವುದು ಹೇಗೆ ಎಂದು ವಕೀಲರು ಕೇಳುತ್ತಾರೆ. ಅಮೆರಿಕದವರು ಅಳೆದಿದ್ದಾರೆ. 1956ರಲ್ಲಿ ದಕ್ಷಿಣ ಕೆರೊಲಿನಾದ ಡಾರ್ಲಿಂಗ್ಟನ್ ಜವಳಿ ಗಿರಣಿಯ ಕಾರ್ಮಿಕರು ಮತ ಹಾಕಿ ಸಂಘ ತಂದುಕೊಂಡರು. ಕೆಲವೇ ವಾರಗಳಲ್ಲಿ ಗಿರಣಿ ಮುಚ್ಚಿತು, ವರ್ಷ ಕಳೆಯುವುದರೊಳಗೆ ಯಂತ್ರಗಳು ಹರಾಜಾದವು. ಅಲ್ಲಿನ ಸುಪ್ರೀಂ ಕೋರ್ಟ್ 1965ರಲ್ಲಿ ಒಂದು ಗೆರೆ ಎಳೆಯಿತು: ಇಡೀ ವ್ಯವಹಾರವನ್ನೇ ಮುಚ್ಚಿ ಮನೆಗೆ ಹೋಗುವ ಹಕ್ಕು ಮಾಲೀಕನಿಗಿದೆ, ಆದರೆ ಉಳಿದ ಗಿರಣಿಗಳ ಕಾರ್ಮಿಕರು ಹೆದರಲಿ ಎಂದು ಒಂದನ್ನು ಮುಚ್ಚುವಂತಿಲ್ಲ. ಪರಿಹಾರ ಕುದುರಿದ್ದು 1980ರಲ್ಲಿ, 50 ಲಕ್ಷ ಡಾಲರ್. ಅಷ್ಟು ಹೊತ್ತಿಗೆ ಕೆಲಸ ಕಳೆದುಕೊಂಡವರಲ್ಲಿ ಹಲವರು ತೀರಿಹೋಗಿದ್ದರು. ತಡವಾದ ನ್ಯಾಯ ಎಷ್ಟು ಕ್ರೂರ ಎಂಬುದನ್ನೂ ಅದೇ ಪ್ರಕರಣ ತೋರಿಸುತ್ತದೆ. ಆದರೂ ಅವರು ಕೇಳಿದ ಪ್ರಶ್ನೆ ಸರಿಯಾದದ್ದು. ಶ್ರೀರಂಗಪಟ್ಟಣದ ಹೆಣ್ಣುಮಕ್ಕಳು ಬೀದಿಯಲ್ಲಿ ನಿಂತು ಕೇಳಿದ್ದೂ ಅದನ್ನೇ.

ಅವರಿಗೆ ಕೊನೆಗೆ ಸಿಕ್ಕಿದ್ದು ಅಂತರರಾಷ್ಟ್ರೀಯ ಕಾರ್ಮಿಕ ಒಕ್ಕೂಟ ಇಂಡಸ್ಟ್ರಿಆಲ್‌ನ ಒತ್ತಾಸೆಯಿಂದ, 2021ರ ಫೆಬ್ರುವರಿಯ ಒಪ್ಪಂದದಲ್ಲಿ. ಮೈಸೂರು ಬಳಿಯ ಕಡಕೊಳದ ಕಾರ್ಖಾನೆಯಲ್ಲಿ ಕೆಲಸ, ಸಂಘಕ್ಕೆ ಮಾನ್ಯತೆ. ವಿದೇಶಿ ಬ್ರ್ಯಾಂಡಿನ ಹೆಸರು ಕೆಡುವ ಭಯ ಇಲ್ಲದಿದ್ದರೆ ಅಷ್ಟಾದರೂ ಆಗುತ್ತಿತ್ತೆಂದು ನನಗೆ ನಂಬಿಕೆ ಇಲ್ಲ. ನಮ್ಮ ಹಮಾಲಿಗಳಿಗೆ, ಗಿರಣಿ ಕೂಲಿಗಳಿಗೆ ಅಂಥ ಬ್ರ್ಯಾಂಡೂ ಇಲ್ಲ.

ಕಾರ್ಮಿಕ ವಿಷಯ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ. ಮಹಾರಾಷ್ಟ್ರ 1971ರಲ್ಲೇ ತನ್ನದೇ ಕಾಯ್ದೆ ಮಾಡಿ, ಅನುಚಿತ ಪದ್ಧತಿಯ ವಿರುದ್ಧ ಕಾರ್ಮಿಕ ನೇರವಾಗಿ ನ್ಯಾಯಾಲಯಕ್ಕೆ ಹೋಗಲು ದಾರಿ ಮಾಡಿಕೊಟ್ಟಿತು. ನಮ್ಮಲ್ಲಿ ಮಾಲೀಕನ ಮೇಲೆ ಮೊಕದ್ದಮೆ ಹೂಡಲು ಸರ್ಕಾರದ ಕಡೆಯಿಂದಲೇ ದೂರು ಹೋಗಬೇಕು. ಬೆಳಗಾವಿ ಅಧಿವೇಶನದಲ್ಲಿ ರಾಯಚೂರು ಜಿಲ್ಲೆಯ ಶಾಸಕರು ಒಂದು ತಿದ್ದುಪಡಿ ಕೇಳಲಿ: ಸಂಘ ನೋಂದಣಿಯಾದ ವರ್ಷದೊಳಗೆ ಒಂದು ಘಟಕ ಮುಚ್ಚಿದರೆ ಅಥವಾ ಅದರ ಕೆಲಸ ಗುತ್ತಿಗೆಗೆ ಹೋದರೆ, ಕಾರಣ ಸಂಘವಲ್ಲ ಎಂದು ರುಜುವಾತು ಮಾಡುವ ಹೊಣೆ ಮಾಲೀಕನ ಮೇಲಿರಲಿ. ರುಜುವಾತು ಆಗುವವರೆಗೆ ಒಂದು ಯಂತ್ರವೂ ಗೇಟು ದಾಟಬಾರದು.