ನಿಲ್ಲದ ಗಾಡಿ ಯಾರ ಗಾಡಿ?

ಕಳೆದ ಸುಗ್ಗಿಯಲ್ಲಿ ಬ್ಯಾಡಗಿಯ ರೈಲು ಟೇಶನ್ನಿನ ಕಲ್ಲುಬೆಂಚಿನ ಮೇಲೆ ಒಬ್ಬ ಅಜ್ಜಿ ಕುಳಿತಿದ್ದಳು. ಬಗಲಲ್ಲಿ ಗಂಟು, ಕೈಯಲ್ಲಿ ಮೊಮ್ಮಗನ ಕೈ. ದೂರದಲ್ಲಿ ಸದ್ದು ಕೇಳಿದೊಡನೆ ನನ್ನತ್ತ ತಿರುಗಿ, “ಯಪ್ಪಾ, ಈ ಗಾಡಿ ನಿಂದ್ರತೈತೇನು?” ಎಂದಳು. “ಇಲ್ಲಬೇ, ಇದು ನಿಂದ್ರೂದಿಲ್ಲ” ಎಂದೆ. ಗಾಡಿ ಬಿರುಗಾಳಿಯಂತೆ ಹಾದುಹೋಯಿತು. ಎದ್ದ ಧೂಳು ನಮ್ಮ ಮೈಮೇಲೆ ಕುಳಿತಿತು. ಅಜ್ಜಿ ಸೆರಗಿನಿಂದ ಹುಡುಗನ ಮುಖ ಒರೆಸುತ್ತ, “ನಿಂದ್ರದ ಗಾಡಿ ನಮ್ಮೂರ ಮ್ಯಾಲೆ ಯಾಕ ಬರತೈತಿ?” ಎಂದು ಕೇಳಿದಳು. ನನ್ನ ಎಂ.ಎ. ಪದವಿ ಆ ಪ್ರಶ್ನೆಗೆ ಉತ್ತರ ಕೊಡಲಿಲ್ಲ. ಆದುದರಿಂದ ಅದನ್ನು ಓದುಗರ ಮುಂದಿಡುತ್ತಿದ್ದೇನೆ.

ಈ ಹಳಿ ಬಂದದ್ದಾದರೂ ಏತಕ್ಕೆ? ಧಾತು-ಈಶ್ವರ ಸಂವತ್ಸರಗಳಲ್ಲಿ, ಎಂದರೆ 1876-78ರಲ್ಲಿ, ಬಿದ್ದ ಬರದಲ್ಲಿ ಈ ಸೀಮೆಯ ಜನ ಕಾಳಿಲ್ಲದೆ ಸತ್ತರು. ಕಾಳಿದ್ದ ಊರಿನಿಂದ ಕಾಳಿಲ್ಲದ ಊರಿಗೆ ಸಾಗಿಸುವ ದಾರಿಯೇ ಇರಲಿಲ್ಲ. ಆಗ ಸರಕಾರಕ್ಕೆ ಎಚ್ಚರವಾಗಿ, 1882ರಲ್ಲಿ ಹುಟ್ಟಿದ ಸದರ್ನ್ ಮರಾಠಾ ರೈಲ್ವೆ ಕಂಪನಿಯ ಕೈಯಿಂದ ಮುಂಬಯಿ ಕರ್ನಾಟಕದಲ್ಲಿ ಮೀಟರ್ ಗೇಜಿನ ಹಳಿ ಹಾಕಿಸಲಾಯಿತು. ಅತ್ತ ಮೈಸೂರು ಸೀಮೆಯಲ್ಲಿ 1884ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ ಬಂದಿದ್ದ ದಾರಿ 1889ರಲ್ಲಿ ಹರಿಹರ ಮುಟ್ಟಿತು. ತುಂಗಭದ್ರೆಯ ಎರಡು ದಂಡೆಗಳಲ್ಲಿ ಎರಡು ಸರಕಾರಗಳಿದ್ದರೂ ಹಳಿ ಒಂದಾಯಿತು. ರಾಜ್ಯ ಒಂದಾಗಲು 1956ರವರೆಗೆ ಕಾಯಬೇಕಾಯಿತು! ಬರದಲ್ಲಿ ಊರೂರಿಗೆ ಕಾಳು ಮುಟ್ಟಿಸಬೇಕೆಂದು ಹುಟ್ಟಿದ ದಾರಿಯಿದು. ಊರೂರಿಗೆ ನಿಲ್ಲುವುದೇ ಅದರ ಮೂಲಧರ್ಮ.

ನನ್ನ ಬಾಲ್ಯದ ಸಣ್ಣ ಹಳಿಯ ಗಾಡಿ ಆ ಧರ್ಮವನ್ನು ಬಿಟ್ಟಿರಲಿಲ್ಲ. ಚಳಗೇರಿ, ರಾಣೇಬೆನ್ನೂರು, ದೇವರಗುಡ್ಡ, ಬ್ಯಾಡಗಿ, ಹಾವೇರಿ, ಕರ್ಜಗಿ, ಯಲವಗಿ, ಗುಡಗೇರಿ, ಸಂಶಿ, ಕುಂದಗೋಳ ಎಂದು ಈ ಹೆಸರುಗಳನ್ನು ನಾವು ಮಗ್ಗಿಯಂತೆ ಬಾಯಿಪಾಠ ಮಾಡಿದ್ದೆವು. ದೇವರಗುಡ್ಡದ ಕಾರಣಿಕಕ್ಕೆ ಹೊರಟವರು, ಮೆಣಸಿನಕಾಯಿ ಪೇಟೆಗೆ ಬಂದವರು, ಹುಬ್ಬಳ್ಳಿಯ ದವಾಖಾನೆಗೆ ಹೊರಟ ಬಸುರಿಯರು ಎಲ್ಲರೂ ಒಂದೇ ಡಬ್ಬಿಯಲ್ಲಿರುತ್ತಿದ್ದರು. ನಿಧಾನವಾಗಿತ್ತು, ನಿಜ. ಆದರೆ ಅದು ಯಾರನ್ನೂ ಬಿಟ್ಟುಹೋಗುತ್ತಿರಲಿಲ್ಲ.

ನಿಧಾನದ ಗಾಡಿಯಿಂದ ನಾಡಿಗೆ ಏನು ಲಾಭವೆಂದು ಕೇಳುವವರು ಗಂಗೂಬಾಯಿ ಹಾನಗಲ್ಲರನ್ನು ನೆನೆಯಲಿ. ಅವರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬಂದು ಸವಾಯಿ ಗಂಧರ್ವರಲ್ಲಿ ಪಾಠ ಹೇಳಿಸಿಕೊಂಡರು. ಕುಂದಗೋಳದಂಥ ಊರಿನಲ್ಲಿ ಗಾಡಿ ನಿಲ್ಲುತ್ತಿದ್ದುದರಿಂದಲೇ ಆ ಹೋಗಿಬರುವಿಕೆ ನಡೆಯಿತು. ಇದರ ಲಾಭವನ್ನು ಯಾವ ಲೆಕ್ಕದ ಪುಸ್ತಕದಲ್ಲಿ ಬರೆಯುತ್ತೀರಿ?

ಈಗ ನೋಡಿ. ಮೀಟರ್ ಗೇಜು ಹೋಗಿ ಬ್ರಾಡ್‌ಗೇಜು ಬಂತು. ಒಂಟಿ ಹಳಿ ಜೋಡಿಯಾಯಿತು. ಮೇಲೆ ವಿದ್ಯುತ್ತಿನ ತಂತಿ ಓಡಿತು. 1966ರಲ್ಲಿ ಹುಬ್ಬಳ್ಳಿ ವಿಭಾಗವನ್ನು ದಕ್ಷಿಣ ಮಧ್ಯ ರೈಲ್ವೆಗೆ ಕೊಟ್ಟು, ಮೈಸೂರು ವಿಭಾಗವನ್ನು ದಕ್ಷಿಣ ರೈಲ್ವೆಯಲ್ಲಿ ಉಳಿಸಿ ಕನ್ನಡಿಗರ ಹಳಿಯನ್ನು ಎರಡು ಮನೆ ಮಾಡಿದ್ದರು. 2003ರಲ್ಲಿ ಹುಬ್ಬಳ್ಳಿಯಲ್ಲಿಯೇ ನೈಋತ್ಯ ರೈಲ್ವೆಯ ಕೇಂದ್ರ ನೆಲೆಸಿ ಆ ಕೊರತೆಯೂ ನೀಗಿತು. 1997ರಲ್ಲಿ ಹಾವೇರಿ ಜಿಲ್ಲೆಯ ಕೇಂದ್ರವಾಯಿತು. ಹಾವೇರಿಯ ನಿಲ್ದಾಣಕ್ಕೆ ಮೋಟೆಬೆನ್ನೂರಿನ ಹುತಾತ್ಮ ಮೈಲಾರ ಮಹಾದೇವಪ್ಪನವರ ಹೆಸರನ್ನೂ ಇಟ್ಟರು. 2023ರ ಜನವರಿಯಲ್ಲಿ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಹಾವೇರಿಯಲ್ಲಿ ನಡೆಯಿತು. ಅದಾದ ಆರನೆಯ ತಿಂಗಳು, ಜೂನ್ 27ರಂದು, ಬೆಂಗಳೂರು-ಧಾರವಾಡ ವಂದೇ ಭಾರತ್ ಗಾಡಿಗೆ ಹಸಿರು ನಿಶಾನೆ ತೋರಿದರು. ಅಂದಿನ ವೇಳಾಪಟ್ಟಿಯಲ್ಲಿ ಯಶವಂತಪುರವಿತ್ತು, ದಾವಣಗೆರೆಯಿತ್ತು, ಹುಬ್ಬಳ್ಳಿಯಿತ್ತು. ನಡುವಿನ ಒಂದು ಇಡೀ ಜಿಲ್ಲೆ ಇರಲಿಲ್ಲ. ಹುತಾತ್ಮನ ಹೆಸರಿಗೆ ಕೈಮುಗಿಯುವುದು, ಆತನ ಊರಿನವರನ್ನು ದಾಟಿಹೋಗುವುದು—ಇದು ಯಾವ ಬಗೆಯ ಗೌರವವೋ ತಿಳಿಯದು.

‘ಇಂಟರ್‌ಸಿಟಿ’ ಎಂಬ ಮಾತನ್ನೇ ತೆಗೆದುಕೊಳ್ಳೋಣ. ಕನ್ನಡದಲ್ಲಿ ನಗರಾಂತರ ಎನ್ನಬಹುದು. ‘ಅಂತರ’ಕ್ಕೆ ನಮ್ಮಲ್ಲಿ ನಡುವೆ ಎಂದೂ ಅರ್ಥ, ದೂರ ಎಂದೂ ಅರ್ಥ. ನಗರಗಳ ನಡುವೆ ಓಡುವ ಗಾಡಿ ನಡುವಿನ ಊರುಗಳನ್ನು ನಗರದಿಂದ ದೂರ ಮಾಡುತ್ತದೆಯಾದರೆ, ಆ ಮಾತಿನ ಎರಡನೆಯ ಅರ್ಥವೇ ಗೆದ್ದಿತೆಂದು ತಿಳಿಯಬೇಕು.

ಮಿತ್ರರು ಹೇಳುವರು: “ಒಂದೊಂದು ನಿಲುಗಡೆಗೂ ಐದೈದು ನಿಮಿಷ ಹೋಗುತ್ತದೆ. ಎಲ್ಲ ಕಡೆ ನಿಂತರೆ ಅದೆಂಥ ವೇಗದ ಗಾಡಿ?” ಈ ಮಾತನ್ನು ನಾನು ಒಪ್ಪುತ್ತೇನೆ. ಬೆಂಗಳೂರಿನಿಂದ ಧಾರವಾಡಕ್ಕೆ ಸುಮಾರು ಆರೂವರೆ ಗಂಟೆಯಲ್ಲಿ ಮುಟ್ಟುವ ಗಾಡಿ ಬೇಡವೆನ್ನುವ ಮೂರ್ಖ ನಾನಲ್ಲ. ಅದು ಓಡಲಿ. ಆದರೆ ಓಡುವ ಗಾಡಿಗೆ ದಾರಿ ಬಿಡುವುದಕ್ಕಾಗಿ ನಿಲ್ಲುವ ಗಾಡಿಯನ್ನು ಬದಿಯ ಹಳಿಗೆ ತಳ್ಳಿ ಕಾಯಿಸುತ್ತಾರಲ್ಲ, ಅದರಲ್ಲಿ ಕುಳಿತವರ ಹೊತ್ತು ಹೊತ್ತಲ್ಲವೆ? ದುಬಾರಿ ಟಿಕೆಟ್ಟಿನವನ ಹತ್ತು ನಿಮಿಷ ಉಳಿಸಲು ಹತ್ತು ರೂಪಾಯಿ ಟಿಕೆಟ್ಟಿನವನ ಅರ್ಧ ಗಂಟೆಯನ್ನು ಖರ್ಚುಮಾಡುವುದು ಯಾವ ನ್ಯಾಯ?

ಆ ಹತ್ತು ರೂಪಾಯಿಯ ಕಥೆಯನ್ನೂ ಕೇಳಿ. 2020ರ ಮಾರ್ಚಿಯಲ್ಲಿ ಕೊರೊನಾ ಸೋಂಕಿನಿಂದಾಗಿ ಗಾಡಿಗಳೆಲ್ಲ ನಿಂತವು. ಮತ್ತೆ ಹೊರಟಾಗ ಬಡ ಪ್ಯಾಸೆಂಜರಿಗೆ ‘ವಿಶೇಷ’ ಎಂಬ ಬಿರುದು ಸಿಕ್ಕಿತು. 10 ರೂಪಾಯಿಯಿದ್ದ ಕನಿಷ್ಠ ದರ 30 ಆಯಿತು. ಗಾಡಿ ಅದೇ, ವೇಗ ಅದೇ, ಮುರುಕು ಕಿಟಕಿಯೂ ಅದೇ, ವಿಶೇಷವೆಂದರೆ ದರವೊಂದೇ! ಹಳೆಯ ದರ ಮರಳಿದ್ದು 2024ರ ಫೆಬ್ರುವರಿಯಲ್ಲಿ. ಅಷ್ಟು ವರ್ಷ ಕರ್ಜಗಿಯ ಕೂಲಿಯವಳು ಮೂರು ಪಟ್ಟು ತೆತ್ತಳು. ವಂದೇ ಭಾರತ್ ನಿಲ್ಲಲಿಲ್ಲವೆಂದು ಮನವಿಪತ್ರ ಬರೆದ ನಾವು ಓದಿದವರು ಇದರ ವಿರುದ್ಧ ಎಷ್ಟು ಬರೆದೆವು? ನಾನಂತೂ ಒಂದು ಸಾಲನ್ನೂ ಬರೆಯಲಿಲ್ಲ. ತಪ್ಪು ರೈಲ್ವೆಯವರದಷ್ಟೇ ಅಲ್ಲ.

“ಬಸ್ಸಿದೆಯಲ್ಲ” ಎನ್ನುವರು ಇನ್ನು ಕೆಲವರು. ಹೆದ್ದಾರಿಯ ಮಗ್ಗುಲಿನವರಿಗೆ ಬಸ್ಸಿದೆ. ಆದರೆ ಮುದುಕರು, ಗಂಟುಮೂಟೆಯವರು, ರೋಗಿಗಳು ರೈಲನ್ನು ಹುಡುಕಿಕೊಂಡು ಬರುವುದು ಸುಮ್ಮನೆ ಅಲ್ಲ. ಅಲ್ಲಿ ಕಾಲು ಚಾಚಬಹುದು, ಕಡಿಮೆ ಕಾಸು ಸಾಕು. ಬಸ್ಸಿದೆಯೆಂಬುದೇ ವಾದವಾದರೆ ಬೆಂಗಳೂರಿಗೂ ಬಸ್ಸಿದೆ. ವಂದೇ ಭಾರತ್ ಏಕೆ ಬೇಕಿತ್ತು?

ಹಾಗಾದರೆ ನಾವು ಕೇಳಬೇಕಾದದ್ದೇನು? ಬೆಂಗಳೂರಿನ ವೇಗದ ಗಾಡಿಗಳ ಮುಂದೆ ಒಂದೊಂದು ನಿಲುಗಡೆಗಾಗಿ ಸೆರಗೊಡ್ಡುವುದಲ್ಲ. ಒಂದು ನಿಲುಗಡೆ ಹಾವೇರಿಗೆ ಸಿಕ್ಕರೆ ರಾಣೇಬೆನ್ನೂರಿಗೆ ಮುನಿಸು; ಇಬ್ಬರಿಗೂ ಸಿಕ್ಕರೆ ಬ್ಯಾಡಗಿ ಅನಾಥ; ದೇವರಗುಡ್ಡ, ಕರ್ಜಗಿಗಳನ್ನಂತೂ ಕೇಳುವವರಿಲ್ಲ. ಹೀಗೆ ಬೇಡುತ್ತ ಹೋದರೆ ಊರು ಊರಿಗೆ ಜಗಳ ಹತ್ತುತ್ತದೆ. ನಾವು ಕೇಳಬೇಕಾದದ್ದು ದಾವಣಗೆರೆಗೂ ಹುಬ್ಬಳ್ಳಿಗೂ ನಡುವೆ ಬೆಳಗಿನ ಮೂರು ತಾಸು, ಸಂಜೆಯ ಮೂರು ತಾಸು, ತಾಸಿಗೊಂದರಂತೆ ಎಲ್ಲ ಟೇಶನ್ನಿನಲ್ಲೂ ನಿಲ್ಲುವ ಗಾಡಿಯನ್ನು. ಮೆಮು ಎಂಬ ವಿದ್ಯುತ್ ಗಾಡಿ ಇಂಥ ಕೆಲಸಕ್ಕೆಂದೇ ಇದೆ. ಅದರ ಹಲವು ಡಬ್ಬಿಗಳಿಗೆ ಮೋಟಾರುಗಳಿರುವುದರಿಂದ ನಿಂತೊಡನೆ ಮತ್ತೆ ವೇಗ ಹಿಡಿಯುತ್ತದೆ. ಹಳಿ ಜೋಡಿಯಾಗಿದೆ, ತಂತಿ ಬಂದಿದೆ. ಇಲ್ಲದಿರುವುದು ಮನಸ್ಸೊಂದೇ. ಕಾಲೇಜು, ಕಚೇರಿ, ಕೋರ್ಟು, ದವಾಖಾನೆಗಳ ಹೊತ್ತಿಗೆ ಸರಿಯಾಗಿ ಆ ಗಾಡಿ ಬರಲಿ. ಬಂದ ಮೇಲೆ ಅದನ್ನು ಬದಿಗೆ ತಳ್ಳದಿರಲಿ.

ಅಂದು ಆ ಅಜ್ಜಿಯ ಪ್ಯಾಸೆಂಜರು ಕೊನೆಗೂ ಬಂತು. ಮೊಮ್ಮಗನನ್ನು ಮೊದಲು ಹತ್ತಿಸಿ, ಗಂಟನ್ನು ನಾನು ಎತ್ತಿಕೊಟ್ಟ ಮೇಲೆ ಬಾಗಿಲಲ್ಲಿ ನಿಂತು, “ಇದು ನಮ್ಮ ಗಾಡಿ ನೋಡಪಾ” ಎಂದಳು. ರೈಲ್ವೆ ಮಂಡಲಿಯ ಮಹನೀಯರು ಹೊಸ ವೇಳಾಪಟ್ಟಿ ಬರೆಯಲು ಕೂಡುವ ಮುನ್ನ ಈ ಮಾತನ್ನು ಕೇಳಿಸಿಕೊಂಡರೆ ಸಾಕು.