ರೋಗಿಯ ಮಂಚದ ಬಳಿಯ ವಿದ್ಯೆ

1845ರಲ್ಲಿ ಬೈಕಲಾದ ಜೆ.ಜೆ. ಆಸ್ಪತ್ರೆಯ ಆವರಣದಲ್ಲಿ ಸ್ಥಾಪಿತವಾದ ಗ್ರಾಂಟ್ ಮೆಡಿಕಲ್ ಕಾಲೇಜು ಮೊದಲ್ಗೊಂಡು, ಬೋಧಕರೆಲ್ಲರೂ ಭಾರತೀಯರೇ ಆಗಿರತಕ್ಕದ್ದೆಂಬ ದಾನಿಗಳ ನಿಬಂಧನೆಯ ಮೇರೆಗೆ 1926ರಲ್ಲಿ ಪರೇಲಿನಲ್ಲಿ ಆರಂಭಗೊಂಡ ಸೇಠ್ ಗೋರ್ಧನದಾಸ್ ಸುಂದರದಾಸ್ ಕಾಲೇಜು ಹಾಗೂ ಕೆ.ಇ.ಎಂ. ಆಸ್ಪತ್ರೆಯ ತನಕ, ಮುಂಬಯಿಯ ವೈದ್ಯಶಿಕ್ಷಣವು ನೆಚ್ಚಿಕೊಂಡು ಬಂದದ್ದು ವಾರ್ಡನ್ನೇ. ಹುಬ್ಬಳ್ಳಿಯಲ್ಲಿ 1957ರಲ್ಲಿ ಮೆಡಿಕಲ್ ಕಾಲೇಜು ಆಗುವುದಕ್ಕೆ ಮುನ್ನ, ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳ ಎಷ್ಟೋ ತರುಣರು ಊರು ಬಿಟ್ಟು ಈ ಮಹಾನಗರಕ್ಕೆ ಬಂದು ವೈದ್ಯರಾದುದೂ ಈ ವಾರ್ಡುಗಳಲ್ಲಿಯೇ.

ಮಳೆಗಾಲ ಹಿಡಿಯಿತೆಂದರೆ ಇಲ್ಲಿನ ಮೆಡಿಸಿನ್ ವಾರ್ಡುಗಳು ಮಲೇರಿಯ, ಡೆಂಗೀ, ಇಲಿಜ್ವರದ ರೋಗಿಗಳಿಂದ ತುಂಬಿಹೋಗುತ್ತವೆ. ಆಗ ವಿದ್ಯಾರ್ಥಿಯು ಅಂಗೈಯನ್ನು ಉಜ್ಜಿ ಬೆಚ್ಚಗೆ ಮಾಡಿಕೊಂಡು, ರೋಗಿಯ ಬಲಗಡೆಯಲ್ಲಿ ನಿಂತು, ಬಲ ಕಿಬ್ಬೊಟ್ಟೆಯಿಂದ ತೊಡಗಿ, ಒಂದೊಂದು ಉಸಿರಿಗೂ ಕಾದು, ಬೆರಳುಗಳನ್ನು ಎಡ ಪಕ್ಕೆಲುಬಿನ ಅಂಚಿನತ್ತ ಮೆಲ್ಲಮೆಲ್ಲನೆ ಸರಿಸುತ್ತ, ಊದಿಕೊಂಡ ಗುಲ್ಮದ ತುದಿಯು ಬೆರಳಿಗೆ ತಾಗಿದೊಡನೆ ಪಡೆಯುವ ಜ್ಞಾನವನ್ನು ಯಾವ ಗ್ರಂಥವೂ ಕೊಡಲಾರದು. ಕಟ್ಟಡದ ಕೂಲಿಗಾಗಿ ಕಲಬುರಗಿಯ ಕಡೆಯಿಂದ ಬಂದ ಹೆಂಗಸಿನ ಕಾಯಿಲೆಯನ್ನು ಅವಳ ಗಂಡನೇ ಅರೆಬರೆ ಹಿಂದಿಯಲ್ಲಿ ಹೇಳಿ ಮುಗಿಸಿದಾಗ, ಅವಳತ್ತಲೇ ತಿರುಗಿ, ಚಳಿ ನಡುಕ ಇತ್ತೇನಮ್ಮಾ, ಬೆವರಿ ಜ್ವರ ಬಿಟ್ಟಿತೇ, ಎಂದು ಅವಳ ಮಾತಿನಲ್ಲಿ ಕೇಳಬಲ್ಲ ಕನ್ನಡದ ಹುಡುಗಿಯೊಬ್ಬಳು ಆ ತಂಡದಲ್ಲಿದ್ದರೆ, ಅರ್ಧ ರೋಗನಿದಾನವು ಅಲ್ಲಿಯೇ ಆದಂತೆ.

ಇಂತಹ ವಿದ್ಯೆಯು ನಮ್ಮ ಕಣ್ಣೆದುರಿಗೇ ಕ್ಷೀಣಿಸುತ್ತಿರುವುದು ನಾನು ಸಹಿಸಲಾರದ ಸಂಗತಿ. ನಾಲ್ಕೂವರೆ ವರ್ಷಗಳ ವ್ಯಾಸಂಗದ ತರುವಾಯ ಬರುವ 12 ತಿಂಗಳ ಇಂಟರ್ನ್‌ಶಿಪ್ಪು ಕಲಿತದ್ದನ್ನು ಕೈಗೂಡಿಸಿಕೊಳ್ಳುವ ಕಾಲ. ಆದರೆ ಎಷ್ಟೋ ಮಂದಿಗೆ ಅದು ಸ್ನಾತಕೋತ್ತರ ಪ್ರವೇಶದ ನೀಟ್ ಪರೀಕ್ಷೆಯ 200 ಪ್ರಶ್ನೆಗಳಿಗೆ ಉತ್ತರ ಗುರುತುಹಾಕುವ ಅಭ್ಯಾಸದ ಕಾಲವಾಗಿ ಮಾರ್ಪಟ್ಟಿದೆ. ವಿದ್ಯಾರ್ಥಿಗಳನ್ನು ದೂಷಿಸುವುದು ಅನ್ಯಾಯ. ಸೀಟುಗಳು ಕಡಮೆ, ಸ್ಪರ್ಧೆ ಘೋರ. ವಾರ್ಡಿನಲ್ಲಿ ನಿಂತರೂ ರಕ್ತ ಎಳೆಯುವುದು, ಪ್ರಯೋಗಾಲಯದಿಂದ ವರದಿ ತರುವುದು, ಟ್ರಾಲಿ ತಳ್ಳುವುದು ಇವುಗಳಲ್ಲಿಯೇ ದಿನ ಸವೆಯುತ್ತದೆ. ದೋಷವಿರುವುದು, ರೋಗಿಯನ್ನು ಮುಟ್ಟದೆಯೇ ಪ್ರಥಮ ಶ್ರೇಯಾಂಕ ಪಡೆಯಬಹುದಾದ ಪರೀಕ್ಷಾಕ್ರಮದಲ್ಲಿ.

ಆದುದರಿಂದ ಪ್ರವೇಶಪರೀಕ್ಷೆಯನ್ನು ಇಂಟರ್ನ್‌ಶಿಪ್ಪು ಮುಗಿದು ಕೆಲವು ತಿಂಗಳು ಕಳೆದ ಮೇಲೆಯೇ ನಡೆಸಬೇಕು. ವಾರ್ಡಿನಲ್ಲಿ ಮಾಡಿದ ಕೆಲಸವನ್ನು ಹಿರಿಯ ವೈದ್ಯರು ನಿಷ್ಪಕ್ಷಪಾತವಾಗಿ ಅಳೆದು ಕೊಟ್ಟ ಅಂಕಗಳಿಗೂ ಶ್ರೇಯಾಂಕದಲ್ಲಿ ಪಾಲಿರಬೇಕು. ಟ್ರಾಲಿ ತಳ್ಳುವುದಕ್ಕೆ ಬೇಕಾದಷ್ಟು ನೌಕರರನ್ನು ಆಸ್ಪತ್ರೆಗಳೇ ನೇಮಿಸಿಕೊಳ್ಳಬೇಕು. ಮಕ್ಕಳನ್ನು ವೈದ್ಯರನ್ನಾಗಿಸಲು ಹೊರಟಿರುವ ಮುಂಬಯಿಯ ಕನ್ನಡಿಗ ತಂದೆತಾಯಿಗಳಲ್ಲಿಯೂ ನನ್ನದೊಂದು ವಿನಂತಿಯಿದೆ: ಆ 12 ತಿಂಗಳಲ್ಲಿ ಮಗನನ್ನಾಗಲಿ ಮಗಳನ್ನಾಗಲಿ ಕೋಚಿಂಗ್ ತರಗತಿಗೆ ಅಟ್ಟದೆ ವಾರ್ಡಿನಲ್ಲಿ ಇರಗೊಡಿರಿ.